ಹೇರ್ಳೆಯವರ ಬೆಂಕಿಯಿಲ್ಲದ ಒಲೆ

ವೈಕುಂಠ ಹೇರ್ಳೆಯವರ ಕೈಯಡುಗೆ ಉಣ್ಣದವರು ಸಾಲಿಗ್ರಾಮದ ಸುತ್ತ ಯಾರಾದರೂ ಇದ್ದರೆ, ಅವರು ಯಾರ ಮದುವೆ ಮುಂಜಿಗೂ ಹೋಗದ ಮಹಾನುಭಾವರೇ ಇರಬೇಕು. ಬ್ರಹ್ಮಾವರದಿಂದ ಬೈಂದೂರಿನವರೆಗೆ ನಲವತ್ತಾರು ವರ್ಷ ಸಟ್ಟುಗ ಹಿಡಿದು ತಿರುಗಿದವರು ಅವರು. ಕುಂಭಾಶಿಯಲ್ಲಿ ಒಂದೇ ಬೆಳಿಗ್ಗೆ ಎರಡು ಉಪನಯನದ ಅಡುಗೆ ಒಪ್ಪಿಕೊಂಡು, ಎರಡು ಕಡೆಯ ಸಾರಿಗೂ ಒಂದೇ ರುಚಿ ಬಾರದಂತೆ ನೋಡಿಕೊಂಡಿದ್ದರು ಎಂದು ಈಗಲೂ ಹೇಳುವವರಿದ್ದಾರೆ. ‘ಅಡುಗೆ ಮಾಡಿದವಳಿಗಿಂತ ಬಡಿಸಿದವಳೇ ಮೇಲು’ ಎಂಬ ಗಾದೆಯನ್ನು ಅವರೆದುರು ಆಡಿದರೆ ಮಾತ್ರ ಆ ದಿನ ನಿಮ್ಮ ಎಲೆಗೆ ಪಾಯಸ ಬರುವುದು ಕಷ್ಟವಿತ್ತು.

ಅವರ ಬಂಡವಾಳವೆಲ್ಲ ಮೂಗು. ನೈವೇದ್ಯ ಆಗುವ ಮೊದಲು ಅಡುಗೆಯವರು ರುಚಿ ನೋಡುವಂತಿಲ್ಲ. ಹಾಗಾಗಿ ಉಪ್ಪು, ಹುಳಿ, ಬೇಳೆಯ ಹದ ಎಲ್ಲವನ್ನೂ ಅವರು ಹಂಡೆಯ ಹಬೆಯಲ್ಲೇ ತಿಳಿಯುತ್ತಿದ್ದರು. ಹಬೆಗೆ ಒಮ್ಮೆ ಮುಖ ಒಡ್ಡಿ, ‘ಉಪ್ಪು ಇನ್ನೊಂದು ಹಿಡಿ’ ಎಂದರೆ ಆಯಿತು, ಅದು ತಪ್ಪಿದ್ದಿಲ್ಲ. ಅಂಥ ಮೂಗು ಮೂರು ವರ್ಷದ ಹಿಂದೆ ಒಂದು ಜ್ವರ ಬಂದು ಹೋದಾಗ ಅದರ ಜೊತೆಗೇ ಹೋಯಿತು. ಜ್ವರ ಎಂಟು ದಿನಕ್ಕೆ ಬಿಟ್ಟಿತು, ವಾಸನೆ ಮಾತ್ರ ಮರಳಲಿಲ್ಲ. ಇಂಗಿಗೂ ಸೀಮೆಎಣ್ಣೆಗೂ ಅವರಿಗೆ ಈಗ ವ್ಯತ್ಯಾಸವಿಲ್ಲ.

ಅಡುಗೆ ಒಪ್ಪಿಕೊಳ್ಳುವುದನ್ನು ಅವರೇ ನಿಲ್ಲಿಸಿದರು. ಮನೆಯ ಒಲೆಯನ್ನು ಮಾತ್ರ ಬಿಟ್ಟಿರಲಿಲ್ಲ. ಆದರೆ ಒಂದು ದಿನ ಎಣ್ಣೆಯ ಬಾಣಲೆಯನ್ನು ಗ್ಯಾಸಿನ ಮೇಲಿಟ್ಟು ಜಗಲಿಯಲ್ಲಿ ಪೇಪರ್ ಓದುತ್ತ ಕುಳಿತುಬಿಟ್ಟರು. ಒಲೆಯ ಮೇಲ್ಗಡೆ ಗೋಡೆಗಿದ್ದ ಹಲಗೆಗೆ ಬೆಂಕಿ ಹಿಡಿದಿತ್ತು. ಕೋಟದಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟಿರುವ ಮಗ ರಜತ್ ಅಕಸ್ಮಾತ್ ಊಟಕ್ಕೆ ಬೇಗ ಬಂದದ್ದರಿಂದ ಹಲಗೆಯೊಂದೇ ಹೋಯಿತು.

“ಅಪ್ಪಯ್ಯ, ಇನ್ ಗ್ಯಾಸ್ ಹತ್ರ ನೀವ್ ಹೋಪ್ದ್ ಬ್ಯಾಡ,” ಎಂದ ರಜತ್.

“ನಾನೆಂತ ಸಣ್ಣ ಮಗುವಾ?”

“ಮಗು ಆಗಿದ್ರೆ ಎರ್ಡ್ ಪೆಟ್ಟ್ ಕೊಡ್ಲಕ್ಕಿತ್ತ್.”

ಮಗನ ಬಾಯಲ್ಲಿ ಬಂದ ಮಾತು ಅಷ್ಟೇ. ಹೇರ್ಳೆಯವರು ಎರಡು ದಿನ ಮನೆಯಲ್ಲಿ ಯಾರೊಡನೆಯೂ ಮಾತಾಡಲಿಲ್ಲ. ಮೂರನೆಯ ದಿನ ದೊಡ್ಡ ಪೆಟ್ಟಿಗೆಯೊಂದನ್ನು ಹೊತ್ತು ಬಂದ ರಜತ್, ಅಡುಗೆಮನೆಯ ಕಲ್ಲಿನ ಮೇಲೆ ಒಂದು ಮೈಕ್ರೋವೇವ್ ತಂದಿಟ್ಟ. ಬೆಂಕಿಯಿಲ್ಲ, ಎಣ್ಣೆ ಹೊತ್ತಿಕೊಳ್ಳುವುದಿಲ್ಲ, ಹೊತ್ತಾದರೆ ತಾನಾಗಿಯೇ ಆರುತ್ತದೆ. ಅಪ್ಪಯ್ಯ ಏನು ಬೇಕಾದರೂ ಮಾಡಿಕೊಳ್ಳಲಿ ಎಂದು ಅವನ ಲೆಕ್ಕ. ಇದೂ ಸರಿಹೋಗದಿದ್ದರೆ ಅಪ್ಪಯ್ಯನಿಗೆ ಇನ್ನು ಜಗಲಿಯೇ ಗತಿ ಎಂಬುದನ್ನೂ ಅವನು ಬಾಯಿಬಿಟ್ಟೇ ಹೇಳಿದ.

ಹೇರ್ಳೆಯವರು ಆ ಡಬ್ಬಿಯನ್ನು ಒಂದು ವಾರ ಮುಟ್ಟಲಿಲ್ಲ. ಬೆಂಕಿಯಿಲ್ಲದ್ದು ಎಂಥ ಒಲೆ! ಆಮೇಲೆ ಒಂದು ಭಾನುವಾರ ಸೊಸೆ ಯಾಮಿನಿಯನ್ನು ಕರೆದು, ಅದರ ಪುಸ್ತಕ ಓದಿ ಹೇಳು ಎಂದರು. ಯಾಮಿನಿ ಬ್ರಹ್ಮಾವರದ ಶಾಲೆಯೊಂದರಲ್ಲಿ ಟೀಚರು. ಪುಸ್ತಕ ಇಂಗ್ಲಿಷಿನಲ್ಲಿತ್ತು. ಅವಳು ಓದಿ ಓದಿ ಹೇಳಿದಳು, ಮಾವ ಒಂದು ಉದ್ದ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಹಿಂದೆ ಮದುವೆಯ ಸಾಮಾನಿನ ಪಟ್ಟಿ ಬರೆಯುತ್ತಿದ್ದ ಪುಸ್ತಕವೇ ಅದು.

“ಮಾವ, ಸ್ಟೀಲ್ ಪಾತ್ರೆ ಇದ್ರೊಳ್ಗೆ ಇಡುಕಾಗ. ಕಿಡಿ ಹಾರತ್ತ್.”

“ಹಿತ್ತಾಳಿ?”

“ಅದೂ ಆಗ.”

“ಹಂಗಾರೆ ಇದ್ ಒಲೆ ಅಲ್ಲ, ಪ್ರದರ್ಶನಕ್ಕಿಟ್ಟದ್.”

ಹಾಗೆಂದರೂ ಕಲಿತರು. ‘ಪವರ್ ಮೂವತ್ತು’ ಎಂದರೆ ಉರಿ ಸಣ್ಣದಾಗುವುದಲ್ಲ, ಹತ್ತು ಸೆಕೆಂಡು ಪೂರ್ತಿ ಉರಿದು ಇಪ್ಪತ್ತು ಸೆಕೆಂಡು ಸುಮ್ಮನಿರುವುದು ಎಂದು ಅವರು ಪುಸ್ತಕದಿಂದ ತಿಳಿದದ್ದಲ್ಲ. ಕಿವಿಯಿಟ್ಟು ಕೇಳಿ ಕಂಡುಕೊಂಡದ್ದು. ಗುಂಯ್ ಎನ್ನುತ್ತದೆ, ನಿಲ್ಲುತ್ತದೆ, ಮತ್ತೆ ಗುಂಯ್ ಎನ್ನುತ್ತದೆ. ಹಾಲುಪಾಯಸಕ್ಕೆ ಕೊಳ್ಳಿಯನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿ ಮಾಡುತ್ತಿದ್ದ ಕೆಲಸವೇ ಇದು ಎಂದು ಗೊತ್ತಾದ ದಿನ ಅವರಿಗೆ ಆ ಡಬ್ಬಿಯ ಮೇಲೆ ಸ್ವಲ್ಪ ಗೌರವ ಬಂತು. ಪುಸ್ತಕ ಬರೆದವನು ಅಡುಗೆ ಬಲ್ಲವನಲ್ಲ, ಮಿಷನ್ ಮಾಡಿದವನು ಬಲ್ಲವನು ಎಂದು ತೀರ್ಪು ಕೊಟ್ಟರು.

ಮೂಗಿನ ಕೆಲಸಕ್ಕೆ ಹೆಂಡತಿ ಗೋಮತಿ ಇದ್ದರು. ಬಾಗಿಲು ತೆರೆದು, ಹಬೆ ಹೊರಗೆ ಬರುವಾಗ ಹೇರ್ಳೆಯವರು ಕೂಗುವರು.

“ಹ್ವಾಯ್, ಪರಿಮಳ ಬಂತಾ?”

ಗೋಮತಮ್ಮ ಎಲ್ಲಿದ್ದರೂ ಬಂದು ಮೂಸಿ, “ಬಂತ್, ತೆಗಿನಿ,” ಎಂದೋ “ಇನ್ನೂ ಹಸಿ ವಾಸ್ನಿ,” ಎಂದೋ ಹೇಳುವರು. ಆ ಮಾತಿನ ಮೇಲೆ ಮನೆಯ ಅಡುಗೆ ನಡೆಯುತ್ತಿತ್ತು. ಹೇರ್ಳೆಯವರು ಮತ್ತೆ ಅಡುಗೆಯವರಾದರು. ಮಧ್ಯಾಹ್ನದ ಸಾರು, ಸಂಜೆಯ ಹಪ್ಪಳ, ಮಧ್ಯೆ ಏನಾದರೊಂದು ತಿಂಡಿ ಎಂದು ದಿನ ತುಂಬಿತು.

ಒಂದು ವರ್ಷ ಹೀಗೆ ಹೋದ ಮೇಲೆ ಮಿಷನ್ನು ಹಟ ಹಿಡಿಯತೊಡಗಿತು. ಮೊದಲು ಬಂದದ್ದು ‘ಇ-3’. ಮಧ್ಯಾಹ್ನದ ಅಡುಗೆ ಮುಗಿದು ಸ್ವಲ್ಪ ಹೊತ್ತಿಗೆ ಗಾಜಿನ ಮೇಲೆ ಆ ಅಕ್ಷರ ಮಿಣುಕುತ್ತಿತ್ತು, ಯಾವ ಗುಂಡಿಯೂ ಕೇಳುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ತಾನೇ ಸರಿಯಾಗಿರುತ್ತಿತ್ತು. ಪುಸ್ತಕದ ಕೊನೆಯ ಪುಟದಲ್ಲಿದ್ದ ಪಟ್ಟಿಯನ್ನು ಯಾಮಿನಿ ಓದಿ ಹೇಳಿದಳು. ಇ-1 ಬಂದರೆ ಬಿಸಿ ಅಳೆಯುವ ಕಡೆ ತೊಂದರೆ, ಇ-2 ಬಂದರೆ ಬಾಗಿಲು ಸರಿ ಕೂತಿಲ್ಲ, ಇ-3 ಬಂದರೆ ಗುಂಡಿಗಳ ಹಲಗೆಯಲ್ಲಿ ದೋಷ, ರಿಪೇರಿಯವರನ್ನು ಕರೆಯಿರಿ. ಎರಡನೆಯದು ಇಂಗ್ಲಿಷಿನ ‘ಎಲ್’ ಅಕ್ಷರ. ಅದು ಆ ಪಟ್ಟಿಯಲ್ಲೇ ಇರಲಿಲ್ಲ. ಇ-3 ಬಾರದ ದಿನ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದು, ಏನಾದರೂ ಮಾಡೋಣವೆಂದು ಹೋಗಿ ಗುಂಡಿ ಒತ್ತಿದರೆ ‘ಎಲ್’. ಯಾವುದನ್ನು ಒತ್ತಿದರೂ ‘ಎಲ್’. ಸಂಜೆ ಐದಕ್ಕೆ ಹೋಗಿ ನೋಡಿದರೆ ಏನೂ ಇಲ್ಲ.

ಹೇರ್ಳೆಯವರು ಬಿಡುವ ಆಸಾಮಿಯಲ್ಲ. ತಾರೀಕು, ವಾರ, ಗಂಟೆ ಹಾಕಿ ನೋಟುಬುಕ್ಕಿನಲ್ಲಿ ಬರೆದಿಟ್ಟರು. ಪ್ಲಗ್ ಕಿತ್ತು ಹಾಕಿದರು, ಬೇರೆ ಪ್ಲಗ್ಗಿಗೆ ಸಿಕ್ಕಿಸಿದರು, ಒಳಗಿನ ಗಾಜಿನ ತಟ್ಟೆಯನ್ನು ತಿರುಗಿಸಿಟ್ಟರು. ಮನೆಯಲ್ಲಿ ಒಬ್ಬೊಬ್ಬರನ್ನೇ ಕೇಳಿದರು. ಯಾಮಿನಿ ಗೊತ್ತಿಲ್ಲ ಎಂದಳು. ಗೋಮತಮ್ಮ, “ಕರೆಂಟ್ ಕಮ್ಮಿ ಇತ್ತ್ ಕಾಣತ್ತ್,” ಎಂದರು.

ರಜತ್‌ಗೆ ಸಾಕಾಯಿತು. “ಅಪ್ಪಯ್ಯ, ಅದ್ ಹಾಳಾಯ್ತ್. ಗುಜರಿಗೆ ಹಾಕುವ. ನೀವಿನ್ ಆರಾಮ ಕೂಕಣಿ, ಅಡ್ಗಿ ಅಮ್ಮ, ಯಾಮಿನಿ ಮಾಡ್ಕಣ್ತ್ರ್.”

“ಹಾಳಾಯ್ಲ.”

“ಕುಣುಕೆ ಬರ್ದಿದ್ರೆ ನೆಲ ಡೊಂಕ್ ಅಂಬ್ರ್ ಅಲ್ದಾ? ಮಿಷಿನ್ ಡೊಂಕೋ, ಒತ್ತುವರ್ ಡೊಂಕೋ?”

ಹೇರ್ಳೆಯವರಿಗೆ ಭಯವಾಯಿತು. ಸಿಟ್ಟಲ್ಲ, ಭಯ. ಈ ಡಬ್ಬಿ ಹೊರಗೆ ಹೋದರೆ ತನ್ನ ಕೈಗೆ ಇನ್ನು ಯಾವ ಒಲೆಯೂ ಇಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಒಂದು ವಾರದ ಗಡುವು ಕೇಳಿಕೊಂಡು, ಕೋಟೇಶ್ವರದ ಚಂದ್ರನಿಗೆ ಫೋನ್ ಮಾಡಿದರು.

ಚಂದ್ರ ಮೀನುಗಾರರ ಮನೆಯವನು. ಅಪ್ಪನ ದೋಣಿ ಬಿಟ್ಟು ಬೊಂಬಾಯಿಗೆ ಹೋಗಿ, ಅಲ್ಲಿ ಹದಿನಾಲ್ಕು ವರ್ಷ ಟಿವಿ, ಫ್ರಿಜ್ಜು ಬಿಚ್ಚಿ ಕಟ್ಟಿ, ಈಗ ಊರಲ್ಲಿ ರಿಪೇರಿ ಅಂಗಡಿ ಇಟ್ಟವನು. ಕಡಲ ಗಾಳಿಯ ಉಪ್ಪು ತನಗೆ ಅನ್ನ ಕೊಡುತ್ತದೆ ಎಂದು ಅವನೇ ಹೇಳುವುದುಂಟು. ಬುಧವಾರ ಮೂರೂವರೆಗೆ ಸ್ಕೂಟರಿನಲ್ಲಿ ಬಂದ. ಮನೆಯಲ್ಲಿ ಹೇರ್ಳೆಯವರು ಒಬ್ಬರೇ ಇದ್ದರು. ಮಗ ಅಂಗಡಿಗೆ, ಸೊಸೆ ಶಾಲೆಗೆ ಹೋಗಿದ್ದರು. ಗೋಮತಮ್ಮ ಏಕಾದಶಿಯೊಂದು ಬಿಟ್ಟು ದಿನವೂ ಮೂರಕ್ಕೆ ದೇವಸ್ಥಾನಕ್ಕೆ ಹೂ ಕಟ್ಟಲು ಹೋದರೆ ಬರುವುದು ಐದಕ್ಕೆ.

ಗಾಜಿನ ಮೇಲೆ ‘ಇ-3’ ಮಿಣುಕುತ್ತಿತ್ತು. ಚಂದ್ರ ಮಿಷನ್ನಿನ ಹಿಂಬದಿ ಬಿಚ್ಚಿದ. ಒಳಗೆ ಉಳಿದ ಕರೆಂಟನ್ನು ಮೊದಲು ಇಳಿಸಿ, ಗುಂಡಿಗಳ ಹಲಗೆಯನ್ನು ಹೊರಗೆ ತೆಗೆದು ಬೆಳಕಿಗೆ ಹಿಡಿದ. ಗುಂಡಿಗಳ ಮೇಲಿನ ಪ್ಲಾಸ್ಟಿಕ್ ಪೊರೆಯ ಅಡಿಯಲ್ಲಿ ನೀರಿನ ಹನಿಗಳು ಸಾಲಾಗಿ ಕುಳಿತಿದ್ದವು. ಅಂಚಿನಲ್ಲಿ ಹಸಿರು ಕಿಲುಬು.

“ಭಟ್ರೇ, ಇದನ್ನ್ ಮೀಸ್ದರ್ ಯಾರ್?”

“ಮೀಸುದಾ? ಮಿಷಿನಿಗೆಂತ ಸ್ನಾನ? ಯಾರೂ ಮೀಸ್ಲ.”

“ಮತ್ತೆ ಇದ್ ಎಲ್ಲಿಂದ ಬಂದ ನೀರ್?”

ಹೇರ್ಳೆಯವರು ಕಲ್ಲಿನ ಮೂಲೆಯಲ್ಲಿದ್ದ ಚೊಂಬನ್ನೂ ಒದ್ದೆ ಬಟ್ಟೆಯನ್ನೂ ನೋಡಿದರು. ಅನ್ನ ಮುಟ್ಟಿದ ಜಾಗವೆಲ್ಲ ಮುಸುರೆ. ಊಟವಾದ ಕೂಡಲೇ ಅದನ್ನು ನೀರು ಹಾಕಿ ಎರಡು ಸಲ ಒರೆಸಬೇಕು. ಅಜ್ಜಿಯ ಕಾಲದಿಂದ ನಡೆದು ಬಂದದ್ದು ಅದು. ಹೇರ್ಳೆಯವರು ದಿನವೂ ಒಲೆ ಒರೆಸಿದರು, ಕಲ್ಲು ಒರೆಸಿದರು, ಈ ಡಬ್ಬಿ ಬಂದ ಮೇಲೆ ಇದನ್ನೂ ಒರೆಸಿದರು. ಅನ್ನ ಬಿಸಿ ಮಾಡಿದ ಕೈಯಲ್ಲೇ ಗುಂಡಿ ಒತ್ತಿರುತ್ತಾರಲ್ಲ, ಗುಂಡಿಗಳನ್ನು ಮೂರು ಸಲ ಒರೆಸಿದರು.

“ಮುಸುರಿ ಅಲ್ದನಾ? ಒರ್ಸದೆ ಬಿಡುಕಾತ್ತಾ?” ಎಂದರು.

“ಒರ್ಸಿ, ಯಾರ್ ಬ್ಯಾಡ ಅಂದ್ರ್? ಒಣ ಬಟ್ಟಿಯಗೆ ಒರ್ಸಿ.”

“ಒಣ ಬಟ್ಟಿಯಗೆ ಒರ್ಸ್ರೆ ಮುಸುರಿ ಹೋತ್ತಾ?”

“ಮುಸುರಿ ಹೋಪ್ದ್ ನಂಗ್ ಗೊತ್ತಿಲ್ಲೆ ಮಾರಾಯ್ರೆ. ಮಿಷಿನ್ ಹೋಪ್ದಿಲ್ಲ.”

ಹೇರ್ಳೆಯವರಿಗೆ ನಗು ಬಂತು, ಚಂದ್ರನೂ ನಕ್ಕ. ಕಿಲುಬನ್ನು ಸ್ಪಿರಿಟ್ ಹಾಕಿ ತಿಕ್ಕಿ, ಹಲಗೆಯನ್ನು ಒಣಗಿಸಿ ಮೊದಲಿನಂತೆ ಕೂರಿಸಿದ. ಗುಂಡಿಗಳ ಮೇಲೆ ತೆಳು ಪ್ಲಾಸ್ಟಿಕ್ ಅಂಟಿಸಿ, ಬೇಕಾದರೆ ಇದನ್ನು ಕಿತ್ತು ತೊಳೆದು ಹಾಕಿಕೊಳ್ಳಿ, ಮುಸುರೆಗೂ ಆಯಿತು ಮಿಷನ್ನಿಗೂ ಆಯಿತು ಎಂದ. ಪ್ಲಗ್ ಹಾಕಿದ. ‘ಇ-3’ ಇರಲಿಲ್ಲ. ಗಂಟೆ ತಿದ್ದಲು ಹೋಗಿ ಗುಂಡಿ ಒತ್ತಿದ, ಸರಿಯಾಗಿತ್ತು. ನೀರು ಬಿಸಿ ಮಾಡಿ ನೋಡಿದ, ಬಿಸಿಯಾಯಿತು.

“ಇನ್ನೊಂದಿತ್ತ್,” ಎಂದು ಹೇರ್ಳೆಯವರು ನೋಟುಬುಕ್ಕು ತಂದರು. “ಕಾಣ್, ಈ ಎಲ್ ಬಪ್ದ್ ಎಂತಕ್ಕೆ?”

ಚಂದ್ರ ಪುಟ ನೋಡಿದವನು ನಿಲ್ಲಿಸುವ ಗುಂಡಿಯನ್ನು ಒತ್ತಿ ಹಿಡಿದ. ಒಂದು, ಎರಡು, ಮೂರು. ಪೀಂ ಎಂದು ಸದ್ದಾಗಿ ಗಾಜಿನ ಮೇಲೆ ‘ಎಲ್’ ಮೂಡಿತು.

“ಹೌದ್, ಇದೇ! ಎಂತ ದೋಷ ಇದ್?”

“ದೋಷ ಅಲ್ಲ ಭಟ್ರೇ. ಬೀಗ. ಸಣ್ಣ ಮಕ್ಳ್ ಮುಟ್ಟದ್ ಹಾಂಗೆ ಹಾಕುದ್. ಮತ್ತೆ ಮೂರ್ ಸೆಕೆಂಡ್ ಹಿಡ್ದ್ರೆ ಹೋತ್ತ್.” ಹಾಗೆಯೇ ಹಿಡಿದು ತೋರಿಸಿದ. “ಮನೆಯಗೆ ಸಣ್ಣ ಮಕ್ಳ್ ಇದ್ವಾ?”

ಮನೆಯಲ್ಲಿದ್ದದ್ದು ನಾಲ್ಕು ಜನ. ಎಲ್ಲರಿಗಿಂತ ಸಣ್ಣವಳು ಯಾಮಿನಿ, ಅವಳಿಗೆ ಮೂವತ್ತೆಂಟು.

“ಅದ್ ತನ್ನಷ್ಟಕ್ಕೆ ಬೀಳತ್ತಾ?” ಎಂದು ಕೇಳಿದರು.

“ಇಲ್ಲ. ಯಾರಾರೂ ಹಿಡ್ಕಣ್ಕ್.”

ಚಂದ್ರ ಚಾ ಕುಡಿದು ಹೋದ. ಹೇರ್ಳೆಯವರು ನೋಟುಬುಕ್ಕು ತೊಡೆಯ ಮೇಲಿಟ್ಟುಕೊಂಡು ಜಗಲಿಯಲ್ಲಿ ಕುಳಿತರು. ಮೊದಲು ಸೊಸೆಯ ಮೇಲೆ ಸಂಶಯ ಬಂತು. ಸಂಶಯಕ್ಕೆ ಸೊಸೆಯಷ್ಟು ಹತ್ತಿರದವರು ಬೇರೆ ಯಾರಿದ್ದಾರೆ! ಆದರೆ ಬರೆದದ್ದು ಸುಳ್ಳು ಹೇಳುವುದಿಲ್ಲ. ‘ಎಲ್’ ಬಂದದ್ದೆಲ್ಲ ಮೂರರಿಂದ ಐದರ ಒಳಗೆ, ಸೊಸೆ ಮಗ ಇಬ್ಬರೂ ಮನೆಯಲ್ಲಿಲ್ಲದ ಹೊತ್ತಿಗೆ. ಏಕಾದಶಿಗಳಂದು ಬಂದಿರಲಿಲ್ಲ. ಏಕಾದಶಿ ದಿನ ಗೋಮತಿ ಹೂ ಕಟ್ಟಲು ಬೆಳಿಗ್ಗೆಯೇ ಹೋಗಿಬರುತ್ತಾಳೆ, ಮಧ್ಯಾಹ್ನ ಮನೆಯಲ್ಲಿರುತ್ತಾಳೆ. ಇಂದು ಬುಧವಾರ, ಮಿಷನ್ನು ಕೆಟ್ಟಿದ್ದರಿಂದ ಬೀಗ ಹಾಕುವ ಅಗತ್ಯವೇ ಬಿದ್ದಿರಲಿಲ್ಲ.

ಅವರಿಗೆ ಅವಮಾನವಾಯಿತು. ಮಗ ಹೇಳಿದ್ದು ಬಾಯಿಮಾತು, ಇವಳು ಮಾಡಿಯೇ ತೋರಿಸಿದಳು. ಸಾವಿರ ಎಲೆಯ ಅಡುಗೆ ಮಾಡಿದ ಕೈಗೆ ಮಕ್ಕಳ ಬೀಗ! ಎಸ್‌ಎಸ್‌ಎಲ್‌ಸಿ ಪಾಸಾದವಳು, ತಾನು ಏಳನೆಯದಕ್ಕೆ ಬಿಟ್ಟವನು. ಸೊಸೆ ಓದಿ ಹೇಳದೆ ಬಿಟ್ಟ ಪುಟವನ್ನು ಕದ್ದು ಓದಿಕೊಂಡಿದ್ದಾಳೆ. ಐದಕ್ಕೆ ಗೋಮತಮ್ಮ ಬಂದು, “ಸರಿಯಾಯ್ತಾ?” ಎಂದರೆ ಇವರು “ಆಯ್ತ್” ಎಂದರು.

ಮರುದಿನ ಮೂರಕ್ಕೆ ಗೋಮತಮ್ಮ ಚೀಲ ಹಿಡಿದು ಹೋದರು. ಹೇರ್ಳೆಯವರು ಹಾಸಿಗೆಯಿಂದೆದ್ದು ನೇರ ಅಡುಗೆಮನೆಗೆ ಬಂದು ಗುಂಡಿ ಒತ್ತಿದರು. ‘ಎಲ್’. ಬೀಗ ತೆಗೆದರು. ಬೆಳಿಗ್ಗೆಯೇ ಯಾರಿಗೂ ಹೇಳದೆ ಅಕ್ಕಿ ನೆನೆಹಾಕಿದ್ದರು. ಹಾಲುಬಾಯಿ ಮಾಡಿ, ಅವಳು ಬಂದ ಕೂಡಲೇ ತಟ್ಟೆಯಲ್ಲಿ ಕೊಯ್ದು ಎದುರಿಗಿಟ್ಟು, ‘ತಕೊ, ಸಣ್ಣ ಮಗು ಮಾಡಿದ್ದು’ ಎನ್ನಬೇಕೆಂದು ಅವರ ಯೋಚನೆ. ಅಕ್ಕಿ, ಕಾಯಿ ರುಬ್ಬಿ, ಹಾಲು ಹಿಂಡಿ, ಬೆಲ್ಲ ಕರಗಿಸಿ ಗಾಜಿನ ಬೋಗುಣಿಗೆ ಹಾಕಿದರು. ಎರಡು ನಿಮಿಷ ಇಡುವುದು, ತೆಗೆದು ಮಗುಚುವುದು, ತುಪ್ಪ ಹಾಕುವುದು, ಮತ್ತೆ ಇಡುವುದು. ಕೈ ಹಳೆಯ ಲಯಕ್ಕೆ ಬಂತು. ಆರನೆಯ ಸಲಕ್ಕೆ ಹಿಟ್ಟು ಗಟ್ಟಿಯಾಗಿ ಹೊಳೆಯತೊಡಗಿತು.

ಹಾಲುಬಾಯಿಯ ಹದ ಕಣ್ಣಿಗೆ ಮುಕ್ಕಾಲು, ಮೂಗಿಗೆ ಕಾಲು. ಅಕ್ಕಿಯ ಹಸಿ ವಾಸನೆ ಹೋಗಿ ತುಪ್ಪದ ಪರಿಮಳ ಮೇಲೆ ಬಂದರೆ ಮುಗಿಯಿತು. ಮೊದಲೇ ಇಳಿಸಿದರೆ ಹಸಿ, ತಡವಾದರೆ ಚರ್ಮ. ಹೇರ್ಳೆಯವರು ಬಾಗಿಲು ತೆರೆದರು, ಹಬೆ ಮುಖಕ್ಕೆ ಬಡಿಯಿತು.

“ಹ್ವಾಯ್, ಪರಿಮಳ ಬಂತಾ?”

ಅಭ್ಯಾಸಬಲ, ಕೂಗಿಬಿಟ್ಟರು. ಮನೆಯಲ್ಲಿ ಯಾರೂ ಇರಲಿಲ್ಲ. ಬೋಗುಣಿಗೆ ಮುಖ ಒಡ್ಡಿ ಉಸಿರೆಳೆದರು. ಬಿಸಿ ತಾಗಿತು, ಅಷ್ಟೇ. ಇದು ಬೆಂದಿದೆಯೋ, ಹಸಿಯೋ, ಅಡಿ ಹಿಡಿದಿದೆಯೋ, ಒಳಗಿನ ವೈರೇ ಸುಡುತ್ತಿದೆಯೋ, ತನಗೆ ಗೊತ್ತಾಗುವುದಿಲ್ಲ ಎಂಬುದು ಅವರಿಗೆ ಆ ಮೂರು ವರ್ಷದಲ್ಲಿ ಅಂದಿನಷ್ಟು ಗೊತ್ತಾಗಿರಲಿಲ್ಲ.

ಬೋಗುಣಿಯನ್ನು ಒಳಗೇ ಇಟ್ಟು ಬಾಗಿಲು ಹಾಕಿದರು. ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರು. ಆಮೇಲೆ ಜಗಲಿಗೆ ಬಂದು ಕುಳಿತರು.

ಐದಕ್ಕೆ ಗೋಮತಮ್ಮ ಒಳಗೆ ಬಂದವರು ಅಡುಗೆಮನೆಯ ಬಾಗಿಲಲ್ಲೇ ನಿಂತರು. ರುಬ್ಬಿದ ಪಾತ್ರೆ, ತುಪ್ಪದ ಸಟ್ಟುಗ, ಗಾಜಿನ ಮೇಲೆ ‘ಎಲ್’. ಹೇರ್ಳೆಯವರು ಹಿಂದಿನಿಂದ ಬಂದರು.

“ಬೀಗ ತೆಗಿ,” ಎಂದರು.

ಗೋಮತಮ್ಮನ ಮುಖ ಸಪ್ಪೆಯಾಯಿತು. “ಚಂದ್ರ ಹೇಳ್ದ್ನಾ?”

“ಹೇಳ್ದ. ಮನೆಯಗೆ ಸಣ್ಣ ಮಕ್ಳ್ ಇದ್ವಾ ಅಂದ್ ಕೇಂಡ.”

ಗೋಮತಮ್ಮ ಚೀಲ ಕೆಳಗಿಟ್ಟರು. “ಹಪ್ಪಳ ಇಟ್ಟದ್ ನೆನ್ಪಿತ್ತಾ ನಿಮ್ಗ್? ಮಳೆಗಾಲದಗೆ, ನಾನ್ ಹೂ ಕಟ್ಟುಕೆ ಹೋದಾಗ?”

ಹೇರ್ಳೆಯವರಿಗೆ ನೆನಪಿತ್ತು. ನೋಟುಬುಕ್ಕಿನಲ್ಲೂ ಇತ್ತು: ‘ಹಪ್ಪಳ, ಒಂದು ನಿಮಿಷ. ಗೋಮತಿ ತಿಂದಳು.’

“ಒಂದ್ ನಿಮ್ಷ ಅಲ್ಲ, ಹತ್ತ್ ನಿಮ್ಷ ಒತ್ತಿದ್ರಿ. ಸೊನ್ನಿ ಒಂದ್ ಜಾಸ್ತಿ ಬಿದ್ದಿತ್ತ್. ನಾನ್ ಬಪ್ಪತ್ತಿಗೆ ಮನಿ ತುಂಬ ಹೊಗಿ. ನೀವ್ ಇಲ್ಲ್ ಜಗಲಿಯಗೆ ಪೇಪರ್ ಓದ್ತಾ ಕೂತಿದ್ರಿ. ನಿಮ್ ಬೆನ್ನ್ ಹಿಂದೆ ಕಿಟ್ಕಿಯಿಂದ ಹೊಗಿ ಹೊರ್ಗ್ ಬತ್ತಿತ್ತ್. ನನ್ನ್ ಕಂಡ್ಕಂಡ್ ನಗಾಡ್ದ್ರಿ.” ಗೋಮತಮ್ಮ ಕಿಟಕಿಯತ್ತ ಕೈ ತೋರಿಸಿದರು. “ಆ ಕಪ್ಪ್ ಹಪ್ಪಳ ಹಿತ್ಲಿಗೆ ಬಿಸಾಡಿ, ನಾನೇ ತಿಂದೆ ಅಂದೆ.”

ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ ಎನ್ನುತ್ತಾರೆ. ಹೇರ್ಳೆಯವರ ಮನೆಯಲ್ಲಿ ಬೆಂಕಿಯಿಲ್ಲದೆಯೇ ಆಡಿತ್ತು, ಅದು ಗೋಮತಮ್ಮನೊಬ್ಬರಿಗೇ ಗೊತ್ತಿತ್ತು. ಆ ಸಂಜೆ ಗೋಮತಿ ಮನೆಯೆಲ್ಲ ಧೂಪ ಹಾಕಿದ್ದೂ, ಇವತ್ತೆಂತ ಹಬ್ಬ ಎಂದು ರಜತ್ ಕೇಳಿದ್ದೂ, ಸೊಳ್ಳೆಗೆ ಎಂದು ಅವಳು ಹೇಳಿದ್ದೂ ಅವರಿಗೆ ಈಗ ಒಂದರ ಹಿಂದೊಂದು ನೆನಪಾಯಿತು.

“ರಜತಂಗೆ ಹೇಳ್ಲಿಲ್ಯಾ?”

“ಹೇಳಿದ್ರೆ ಅವ ಮರ್ದಿನವೇ ಇದನ್ನ್ ತಕಂಡ್ ಹೋತಿದ್ದ. ಮತ್ತೆ ನೀವ್ ಎಂತ ಮಾಡ್ತಿದ್ರಿ?”

ಹೇರ್ಳೆಯವರಿಗೆ ಸಿಟ್ಟು ಎಲ್ಲಿ ಹೋಯಿತೆಂದು ಹುಡುಕಿದರೂ ಸಿಗಲಿಲ್ಲ.

“ಬೀಗ ತೆಗಿ,” ಎಂದರು ಮತ್ತೆ. “ಹಾಲ್‌ಬಾಯಿ ತಣಿತ್ತ್.”

ಗೋಮತಮ್ಮ ಗುಂಡಿಯ ಮೇಲೆ ಬೆರಳಿಟ್ಟು ಹಿಡಿದರು. ಪೀಂ ಎಂದಿತು. ಹೇರ್ಳೆಯವರು ತುಪ್ಪ ಹಾಕಿ ಮಗುಚಿ ಎರಡು ನಿಮಿಷ ಇಟ್ಟರು, ಸೊನ್ನೆಗಳನ್ನು ಎಣಿಸಿ ಒತ್ತಿದರು. ಇಬ್ಬರೂ ಎದುರಿಗೆ ನಿಂತು ಬೋಗುಣಿ ತಿರುಗುವುದನ್ನು ನೋಡಿದರು. ಆರಿದ ಮೇಲೆ ಬಾಗಿಲು ತೆರೆದರು. ಹೆಂಡತಿ ಪಕ್ಕದಲ್ಲೇ ಇದ್ದರು, ಆದರೂ ಮನೆಯ ಆಚೆ ತುದಿಗೆ ಕೇಳುವಂತೆ ಕೂಗಿದರು.

“ಹ್ವಾಯ್, ಪರಿಮಳ ಬಂತಾ?”

ಗೋಮತಮ್ಮ ಬಗ್ಗಿ ಮೂಸಿದರು.

“ಇನ್ನೊಂದ್ ಸಲ ಇಡಿ,” ಎಂದರು.

ಆ ಮಾರನೆಯ ದಿನದಿಂದ ಮೂರು ಗಂಟೆಗೆ ಗೋಮತಮ್ಮ ಚೀಲ ಎತ್ತಿಕೊಂಡ ಕೂಡಲೇ ಹೇರ್ಳೆಯವರು ತಾವೇ ಎದ್ದು ಹೋಗಿ, ಅವರೆದುರಿಗೇ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿಯುತ್ತಾರೆ. “ಹೋಯಿ ಬಾ, ಬೀಗ ಹಾಕಿದೆ,” ಎನ್ನುತ್ತಾರೆ. ಐದಕ್ಕೆ ಅವರು ಬಂದು ತೆಗೆಯುತ್ತಾರೆ. ನೋಟುಬುಕ್ಕಿನಲ್ಲಿ ‘ಎಲ್’ ಬರೆಯುವುದನ್ನು ಹೇರ್ಳೆಯವರು ನಿಲ್ಲಿಸಿದ್ದಾರೆ. ಹಪ್ಪಳದ ಸಾಲನ್ನು ಮಾತ್ರ ತಿದ್ದಿದ್ದಾರೆ: ‘ಹತ್ತು ನಿಮಿಷ. ಗೋಮತಿ ತಿನ್ನಲಿಲ್ಲ.’